ಕಾಶಪ್ಪನಿಗೆ ಕೇಳದ ಕೊಳಲು

ತುಬಚಿಯ ಕುರಿಗಾರರ ಮನೆಯ ಕಾಶಪ್ಪ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿಗೆ ಬಂದದ್ದು ಹರೆಯದಲ್ಲಿ, ಅಪ್ಪ ತೀರಿಕೊಂಡು ಕುರಿ ಮಾರಿದ ಮೇಲೆ. ಅಪ್ಪ ಕೊಳಲು ಊದುತ್ತಿದ್ದ. ಕಾಶಪ್ಪನಿಗೆ ಊದಲು ಬರುತ್ತಿರಲಿಲ್ಲ; ಕೇಳುವ ಹುಚ್ಚು ಮಾತ್ರ ಅಂಟಿಕೊಂಡಿತ್ತು.

ಮಗಳು ಸುವರ್ಣಾ ಜಮಖಂಡಿಯಲ್ಲಿ ಕಾಲೇಜು ಓದುವಾಗ ಅವನ ಮೊಬೈಲಿಗೆ ಐರ್ಲೆಂಡ್ ದೇಶದ ಜನಪದ ಹಾಡುಗಳ ಆಲ್ಬಂ ಒಂದನ್ನು ಹಾಕಿಕೊಟ್ಟಳು.

"ಅಪ್ಪಾ, ಮುತ್ಯಾ ಊದತಿದ್ನಲ್ಲ, ಅಂಥಾ ಕೊಳಲ ಐತಿ ಇದರಾಗ. ಕೇಳು."

ಪಿಟೀಲು, ಚರ್ಮವಾದ್ಯ, ನಡುವೆ ಕಟ್ಟಿಗೆಯ ಕೊಳಲು. ಮಾತು ಒಂದೂ ತಿಳಿಯಲಿಲ್ಲ. ಆದರೂ ಕಾಶಪ್ಪ, "ಇವರೂ ಕುರಿ ಹಿಂದ ತಿರಗಿದ ಮಂದೀನ ಇರಬೇಕ ನೋಡ," ಎಂದ.

ಹೆಂಡತಿ ಶೈಲಾ ನಕ್ಕುಬಿಟ್ಟಳು. ಆದರೆ ಅದರಲ್ಲಿನ ಒಂದು ನಿಧಾನದ ಹಾಡು ಅವಳಿಗೇ ಹತ್ತಿಕೊಂಡಿತು. ಕಂಡಿಕೆಗೆ ನೂಲು ಸುತ್ತುತ್ತ, ಮಾತಿಲ್ಲದೆ ಬರೀ ಧಾಟಿಯನ್ನು ಗುನುಗುತ್ತಿದ್ದಳು.

ಮಗ್ಗಗಳ ಗದ್ದಲ ತನ್ನ ಕಿವಿ ತಿನ್ನುತ್ತಿದೆಯೆಂಬುದು ಕಾಶಪ್ಪನಿಗೆ ಗೊತ್ತಾಗಲೇ ಇಲ್ಲ. ಮುಂದೆ ಶೈಲಾ ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಕೊನೆಯ ಸಂಜೆ ಅವನ ಕೈ ಹಿಡಿದು ಏನೋ ಹೇಳಿದಳು.

"ಏನಂದಿ? ಒಂಚೂರ ಜೋರ ಅನ್ನ."

ಜೋರಾಗಿ ಅನ್ನುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳ ದಿನಕರ್ಮ ಮುಗಿದ ಮೇಲೆ ಅವನು ಆ ನಿಧಾನದ ಹಾಡು ಹಚ್ಚಿದ. ದಪ್ಪ ಬಡಿತವೊಂದೇ ಬಂತು, ಕೊಳಲಿಲ್ಲ. ಮೊಬೈಲ್ ಕೆಟ್ಟಿದೆಯೆಂದು ದಶರಥನ ರಿಪೇರಿ ಅಂಗಡಿಗೆ ಒಯ್ದ. ದಶರಥ ಕೇಳಿ, ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದ:

"ಕಾಕಾ, ಕೊಳಲ ಛಲೋ ಬರಾಕತ್ತೈತ್ರಿ!"

ಕಾಶಪ್ಪ ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತುಬಿಟ್ಟ. ಹಾಡಿನದಲ್ಲ, ಶೈಲಾ ಏನೋ ಹೇಳಿದ ಆ ಸಂಜೆಯದೇ ನೆನಪು ಬಂದಿತ್ತು.

ಡಾಕ್ಟರು ಕೊಟ್ಟ ಕಿವಿಯ ಮಶೀನು ಗದ್ದಲವನ್ನಷ್ಟೇ ಹೆಚ್ಚಿಸಿತು. ಅದನ್ನು ತೆಗೆದಿಟ್ಟು, ಅವನು ಶೈಲಾಳ ಧಾಟಿಯನ್ನು ತಾನೇ ಗುನುಗತೊಡಗಿದ. ಅವಳು ತೀರಿ ವರ್ಷವಾದ ಪೂಜೆಯ ದಿನ ಸುವರ್ಣಾಳನ್ನು ಎದುರಿಗೆ ಕೂಡಿಸಿಕೊಂಡು ಗುನುಗಿದ.

"ಬರೋಬರಿ ಐತೇನ ಬೇ? ನಿಮ್ಮವ್ವ ಹಿಂಗ ಅಂತಿದ್ಳಲ್ಲ?"

ಸುವರ್ಣಾ ಹೌದೆಂದು ತಲೆಯಾಡಿಸಿದಳು. ತೀರ ಬೇಗ ಆಡಿಸಿದಳು. ಅವಳ ಮುಖ ನೋಡಿದವನಿಗೆ ತಿಳಿಯಿತು.

"ಸುಳ್ಳ ಹೇಳಬ್ಯಾಡವಾ. ನನ್ನ ಕಡಿಂದ ಹೋತದು. ನೀನ ಹಾಡ. ನನಗ ಕೇಳಲಿಲ್ಲಂದ್ರೂ ಮನ್ಯಾಗರೆ ಇರಲಿ."

ಸುವರ್ಣಾ ಹಾಡಿದಳು. ಯಾವಾಗ ಮುಗಿಯಿತೆಂದು ಅವನಿಗೆ ತಿಳಿಯಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಎದ್ದುಹೋದಾಗ, ಮುಗಿದಿರಬೇಕು ಅಂದುಕೊಂಡ.