ಎರಡು ತಾರೀಖಿನ ನೆರಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಗ್ರಹದಕ್ಕ ಎಂದೇ ಕರೆಯುತ್ತಿದ್ದರು. ಸೂರ್ಯ, ಚಂದ್ರ, ಗ್ರಹಗಳು ಯಾವ ದಿನ ಯಾವ ಹೊತ್ತಿಗೆ ಆಕಾಶದಲ್ಲಿ ಎಲ್ಲಿರುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಹಡಗಿನವರಿಗೆ ಪಟ್ಟಿ ಮಾಡಿಕೊಡುವುದು ಅವಳ ಕೆಲಸ. ಪ್ರೋಗ್ರಾಮ್ ಬರೆದವಳೂ ಅವಳೇ. "ಗ್ರಹಗಳ ಚಾರ ಗೊತ್ತು, ನನ್ನ ಗ್ರಹಚಾರ ಮಾತ್ರ ಗೊತ್ತಿಲ್ಲ" ಎಂದು ನಗುತ್ತಿದ್ದಳು.

ಆ ನಗು ನಿಂತದ್ದು ಪಕ್ಕದ ಬೀದಿಯ ಹೊಲಿಗೆಯವಳು ಫೋಟೋ ಹಿಡಿದು ಬಂದ ದಿನ. ಜೂನ್‌ನಲ್ಲಿ ಮನೆ ಬಿಟ್ಟ ಅವಳ ಒಬ್ಬಳೇ ಮಗಳ ಸುಳಿವಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಂಚೆಯಲ್ಲಿ ಈ ಫೋಟೋ ಬಂದಿತ್ತು. ಜೊತೆಗೊಂದು ಸಾಲೂ ಇಲ್ಲ. ಗಡಿಯಾರ ಗೋಪುರದ ಚೌಕದಲ್ಲಿ, ದೀಪದ ಕಂಬದ ಪಕ್ಕ, ಆ ವರ್ಷದ ಯುಗಾದಿಗೆ ತಾಯಿ ಹೊಲಿದ ಅಂಗಿ ತೊಟ್ಟು ಹುಡುಗಿ ನಿಂತಿದ್ದಳು.

"ನೆರಳು ನೋಡಿ ದಿನ ಹೇಳ್ತೀರಂತಲ್ಲ ಅಕ್ಕ. ಇದು ಅವಳು ಹೋದ ಮೇಲೆ ತೆಗೆದಿದ್ದಾ?"

ಗ್ರಹದಕ್ಕ ಚೌಕಕ್ಕೆ ಹೋಗಿ ಟೇಪು ಹಿಡಿದು ಕಂಬದ ಎತ್ತರ ಅಳೆದಳು, ಫೋಟೋದಲ್ಲಿ ನೆರಳು ತಾಕಿದ್ದ ಕಲ್ಲುಗಳನ್ನು ಎಣಿಸಿದಳು. ಕಂಪ್ಯೂಟರ್ ಎರಡು ಸಾಲು ಕೊಟ್ಟಿತು: ಮೇ ಹತ್ತು, ಆಗಸ್ಟ್ ಮೂರು.

"ಎರಡ್ಯಾಕೆ?"

"ಸೂರ್ಯ ಹೋದ ದಾರೀಲೇ ವಾಪಸ್ ಬರ್ತಾನಮ್ಮ. ಎರಡು ದಿನಾನೂ ನೆರಳು ಒಂದೇ."

ಒಂದು ಎಳೆ ಉಳಿದಿತ್ತು. ಅದೇ ನೆರಳು ಆಗಸ್ಟಿನಲ್ಲಿ ಹತ್ತು ನಿಮಿಷ ತಡವಾಗಿ ಬೀಳುತ್ತದೆ. ಫೋಟೋದಲ್ಲಿ ಗೋಪುರದ ಗಡಿಯಾರವೂ ಕಾಣುತ್ತಿತ್ತು. ಅವಳು ಗಡಿಯಾರ ನೋಡಿಕೊಳ್ಳುವವನನ್ನು ಹುಡುಕಿಕೊಂಡು ಹೋದಳು.

"ಅದಾ? ಕಾಲು ಗಂಟೆ ಹಿಂದೆ ಮುಂದೆ ಓಡ್ತಾನೇ ಇರುತ್ತೆ. ಸೋಮವಾರ ಸೋಮವಾರ ಕಿವಿ ಹಿಂಡ್ತೀನಿ, ಅಷ್ಟೆ" ಎಂದ ಅವನು.

ಬೇರೆ ದಾರಿ ಕಾಣದೆ ಎರಡೂ ತಾರೀಖು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಹೊಲಿಗೆಯವಳು ಚೀಲದಿಂದ ಕತ್ತರಿ ತೆಗೆದು, ಬಟ್ಟೆ ಕತ್ತರಿಸುವಷ್ಟೇ ಸಲೀಸಾಗಿ ಮೇ ತಿಂಗಳನ್ನು ಕತ್ತರಿಸಿ ಮೇಜಿನ ಮೇಲೆ ಬಿಟ್ಟಳು.

"ನನಗೆ ಇಷ್ಟು ಸಾಕು."

ಗ್ರಹದಕ್ಕ ಮೇಜಿನ ಮೇಲಿನ ತುಂಡನ್ನು ಎತ್ತಿ ತನ್ನ ಪಟ್ಟಿಯ ಪುಸ್ತಕದೊಳಗೆ ಇಟ್ಟಳು.

ಆ ಚೀಟಿ ನೋಡಿ ಪೊಲೀಸರು ಮತ್ತೊಮ್ಮೆ ಹುಡುಕಿದರು. ಹುಡುಗಿ ಸಿಗಲಿಲ್ಲ. ತಾಯಿ ಮಾತ್ರ ಪ್ರತಿ ಆಗಸ್ಟಿಗೆ ಮಗಳಿಗೊಂದು ಅಂಗಿ ಹೊಲಿದಿಟ್ಟಳು, ವರ್ಷ ವರ್ಷ ಅಳತೆ ತುಸು ಹೆಚ್ಚಿಸುತ್ತ. ಹನ್ನೊಂದನೆಯ ಅಂಗಿಗೆ ಗುಂಡಿ ಹಾಕುವ ಮೊದಲೇ ತೀರಿಕೊಂಡಳು.

ಗ್ರಹದಕ್ಕ ಈಗ ನಿವೃತ್ತಳು. ವರ್ಷಕ್ಕೆ ಎರಡು ಸಲ, ಆ ಎರಡು ದಿನ, ಬೇಡವೆಂದರೂ ಕಾಲು ಚೌಕಕ್ಕೇ ಎಳೆಯುತ್ತದೆ. ಕಂಬದ ನೆರಳು ಅದೇ ಕಲ್ಲಿನ ಮೇಲೆ ಬಂದು ಮಲಗುತ್ತದೆ. ಕಂಬದ ಪಕ್ಕದ ಜಾಗವನ್ನು ತುಳಿಯದೆ, ಯಾರೋ ನಿಂತಿದ್ದಾರೇನೋ ಎಂಬಂತೆ, ಅವಳು ಸುತ್ತಿ ಹೋಗುತ್ತಾಳೆ.