ಮುದ್ದೆ ಕೋಲಿನ ತಾಳ

ನೃತ್ಯದ ಮೇಷ್ಟ್ರು ಮೈಸೂರಿನಿಂದ ಹುಣಸೂರಿಗೆ ಭಾನುವಾರ ಮಾತ್ರ ಬರುತ್ತಿದ್ದರು. ಒಂದು ಶಾಲೆಯ ಕೊಠಡಿಯಲ್ಲಿ ಅಧಿಕಾರಿಗಳ ಮನೆಯ ಹೆಣ್ಣುಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದರು. ಆ ಗುಂಪಿಗೆ ಹಳ್ಳಿಯಿಂದ ಹೋಗುತ್ತಿದ್ದವಳು ನಾನೊಬ್ಬಳೇ. ಹಾರನಹಳ್ಳಿಯಲ್ಲಿ ಅಪ್ಪನಿಗೆ ದಿನಸಿ ಅಂಗಡಿ ಇತ್ತು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯ ಹುಡುಗಿ ಗೆಜ್ಜೆ ಕಟ್ಟುವುದನ್ನು ನಮ್ಮ ಕಡೆ ಯಾರೂ ಒಪ್ಪುತ್ತಿರಲಿಲ್ಲ. ಅವ್ವ ಒಪ್ಪಿದ್ದಳು. ದಸರೆಗೆ ಮೈಸೂರಿಗೆ ಹೋದಾಗ ಯಾವುದೋ ನೃತ್ಯ ನೋಡಿ ಬಂದವಳು, ನನ್ನನ್ನು ಸೇರಿಸುವವರೆಗೆ ಅಪ್ಪನನ್ನು ಬಿಡಲಿಲ್ಲ.

ಭಾನುವಾರ ಅವಳೂ ಬಸ್ಸಿನಲ್ಲಿ ನನ್ನ ಜೊತೆ ಬಂದು, ಕೊಠಡಿಯ ಬಾಗಿಲ ಹೊರಗೆ ಕುಳಿತು ನೋಡುತ್ತಿದ್ದಳು. ಮೇಷ್ಟ್ರು ಮರದ ತುಂಡಿನ ಮೇಲೆ ಕೋಲು ಬಡಿದು ತಾಳ ಹಾಕುವುದನ್ನು ಅಲ್ಲಿಂದಲೇ ಕಲಿತಳು. ವಾರದ ಉಳಿದ ದಿನ ಅಡುಗೆಮನೆಯಲ್ಲಿ ಅಭ್ಯಾಸ. ಅವ್ವ ಕೂರುವ ಮಣೆಯನ್ನು ಮುಂದಿಟ್ಟುಕೊಂಡು ಮುದ್ದೆ ತಿರುವುವ ಕೋಲಿನಿಂದ ಬಡಿಯುತ್ತಿದ್ದಳು. ನಾನು ಒಲೆಯ ಎದುರು ಮಂಡಿ ಬಗ್ಗಿಸಿ ಹೆಜ್ಜೆ ಹಾಕುತ್ತಿದ್ದೆ. ತಪ್ಪಿದರೆ ಕೋಲು ನಿಲ್ಲುತ್ತಿತ್ತು. ಅವಳು ಬಯ್ಯುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಬಡಿಯುತ್ತಿದ್ದಳು.

ಬಡಿದು ಬಡಿದು ಕೋಲಿನ ತುದಿ ಸೀಳಿತು. ಒಂದು ದಿನ ಊಟ ಮಾಡುತ್ತಿದ್ದ ಅಪ್ಪ ಬಾಯಿಂದ ಏನೋ ತೆಗೆದು ದೀಪಕ್ಕೆ ಹಿಡಿದರು.

"ಇದೇನೇ, ಇಟ್ನಲ್ಲಿ ಸಿಬುರು?"

"ಅದು ನಿಮ್ ಮಗಳ ತಾಳ ಕಣ್ರೀ. ನುಂಗಿ," ಅಂದಳು ಅವ್ವ.

ಅಪ್ಪ ನಕ್ಕುಬಿಟ್ಟರು. ಅಂದಿನಿಂದ ಸೀಳಿದ ತುದಿ ತಾಳಕ್ಕೆ, ಇನ್ನೊಂದು ತುದಿ ಮುದ್ದೆಗೆ ಎಂದಾಯಿತು.

ಸುತ್ತಲಿನ ತಾಲ್ಲೂಕುಗಳ ಮಕ್ಕಳಿಗೆ ಹುಣಸೂರಿನಲ್ಲಿ ಸ್ಪರ್ಧೆ ಇಟ್ಟರು. ಮೇಷ್ಟ್ರು ನನಗೆ ಒಂದು ಹಾಡು ಕಲಿಸಿದರು. ಊಟಕ್ಕೆ ಬಾರದೆ ಓಡುವ ಮಗುವನ್ನು ತಾಯಿ ಕರೆಯುವ ಹಾಡು. ತುತ್ತು ಕಟ್ಟಿ, ಕೈ ಚಾಚಿ, ಕಣ್ಣಿನಲ್ಲಿ ಕರೆಯಬೇಕು. ಕಣ್ಣಿನಲ್ಲಿ ಕರೆಯುವುದು ನನಗೆ ಬರುತ್ತಿರಲಿಲ್ಲ.

"ನಿಮ್ಮ ತಾಯಿ ಹೇಗೆ ಕರೀತಾರೆ, ಸರಿಯಾಗಿ ನೋಡಿಕೊಂಡು ಬಾ," ಅಂದರು ಮೇಷ್ಟ್ರು.

"ನಾ ಕರ್ಯೋದು ಕೋಲು ಇಡ್ಕೊಂಡು ಸ್ವಾಮಿ," ಅಂದಳು ಅವ್ವ ಬಾಗಿಲಿನಿಂದ. "ಅದ್ನೂ ಯೋಳ್ಕೊಡ್ತೀರಾ?"

ಅಪ್ಪ ತಮ್ಮ ತೀರ್ಮಾನವನ್ನು ಅಂಗಡಿಯಲ್ಲೇ ಹೇಳಿದ್ದರು. "ಮೊದಲ್ನೇದು ಬಂದ್ರೆ ಮೈಸೂರ್ನಲ್ಲಿ ಆಸ್ಟೆಲ್ಗೆ ಸೇರುಸ್ತೀನಿ. ಅಲ್ಲೇ ಓದ್ಲಿ, ಅಲ್ಲೇ ಕಲೀಲಿ. ಬರ್ನಿಲ್ಲಾಂದ್ರೆ ಗೆಜ್ಜೆ ಗೂಟಕ್ಕೆ." ಅವ್ವ ಇದಕ್ಕೆ ಹೂಂ ಅಂದಿದ್ದಳು. ನಾನೂ ಅಂದಿದ್ದೆ.

ಸ್ಪರ್ಧೆ ಹತ್ತಿರ ಬಂದಾಗ ಅವ್ವನಿಗೆ ಜ್ವರ ಬಂತು. ಆಸ್ಪತ್ರೆಗೆ ಸಾಗಿಸಲು ಅಪ್ಪ ಗಾಡಿ ಹೂಡಿಸುವಷ್ಟರಲ್ಲಿ ಮುಗಿದಿತ್ತು. ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಬಳಿದರು. ಕುಳಿತ ಹಾಗೆಯೇ ಹೊಲದಲ್ಲಿ ಮಣ್ಣು ಮಾಡಿದರು. ಭಾನುವಾರಗಳಲ್ಲಿ ಕೊಠಡಿಯ ಹೊರಗೆ ಕೂತಿರುತ್ತಿದ್ದ ಹಾಗೆಯೇ ಕಂಡಳು. ನಾನು ಅಳಲಿಲ್ಲ. ತಡೆದುಕೊಂಡೆ ಎಂದೇನೂ ಅಲ್ಲ. ಅಳು ಇರಲಿಲ್ಲ.

ಹಾಲು ತುಪ್ಪ ಬಿಡುವ ದಿನವೇ ಸ್ಪರ್ಧೆಯ ದಿನವೂ ಆಗಿತ್ತು. ಬೆಳಿಗ್ಗೆ ಸಮಾಧಿಯ ಹತ್ತಿರದಿಂದ ಬಂದ ಮೇಲೆ ಅಪ್ಪ ಟ್ರಂಕು ತೆಗೆದು, ನನ್ನ ನೃತ್ಯದ ಸೀರೆಯನ್ನೂ ಗೆಜ್ಜೆಯನ್ನೂ ಚೀಲಕ್ಕೆ ಹಾಕಿದರು. ಹೆಗ್ಗಡದೇವನಕೋಟೆಯಿಂದ ಬಂದಿದ್ದ ಅತ್ತೆ, ಅಪ್ಪನ ಅಕ್ಕ, ಬಾಗಿಲಿಗೆ ಅಡ್ಡ ನಿಂತರು.

"ಮಣ್ಣಿನ್ನೂ ಅಸಿ ಅದೆ ಕಣೋ. ಮಗೀನ ಕುಣಿಸೋಕೆ ಕರ್ಕೊಂಡೋಯ್ತೀಯಾ? ಜನ ಉಗಿದಾರು."

"ಲಿಂಗ ಕಟ್ದೋರ್ಗೆ ಸೂತಕ ಎಲ್ಲೀದಕ್ಕ? ನಮ್ಮಪ್ಪ ಊರ್ಗೆಲ್ಲ ಅದೇ ಯೋಳ್ತಿರ್ನಿಲ್ವಾ? ಈಗ ನಮ್ ಬಾಗ್ಲಿಗೆ ಬಂದ್ ಮ್ಯಾಲೆ ಸೂತಕ ಬಂದ್ಬುಡ್ತಾ?"

"ಶಾಸ್ತ್ರ ಅತ್ಲಾಗಿರ್ಲಿ ಬುಡು. ಕರುಳು ಅಂತ ಒಂದದೆ."

"ಅವಳಾಸೆ ಅಕ್ಕ ಇದು."

ಅಪ್ಪ ಹೇಳಿದ್ದು ನಿಜ. ನಮ್ಮಲ್ಲಿ ಸಾವಿನ ಮೈಲಿಗೆ ಇಲ್ಲ. ಸತ್ತವರ ಮನೆಯಲ್ಲೂ ಪೂಜೆ ನಿಲ್ಲುವುದಿಲ್ಲ. ಅಪ್ಪನಿಗೆ ಅದರ ಬಗ್ಗೆ ಹೆಮ್ಮೆ ಇತ್ತು. ಅತ್ತೆ ಹೇಳಿದ್ದೂ ನಿಜ. ನಾನು ಇಬ್ಬರ ನಡುವೆ ನಿಂತು, ಯಾರಾದರೂ ನನ್ನನ್ನು ಕೇಳುತ್ತಾರೆಂದು ಕಾದೆ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಈಗಲೂ ಗೊತ್ತಿಲ್ಲ. ಅತ್ತೆ ಪಕ್ಕಕ್ಕೆ ಸರಿದರು. ನಾವು ಬಸ್ಸಿಗೆ ಹೊರಟೆವು.

ಕುಣಿಯುವ ಮುಂಚೆ ಮೇಷ್ಟ್ರ ಕಾಲು ಮುಟ್ಟಿ ಅವರ ಕೈಯಿಂದ ಗೆಜ್ಜೆ ತೆಗೆದುಕೊಳ್ಳುವುದು ವಾಡಿಕೆ. ಅವರಿಗೆ ಸುದ್ದಿ ಆಗಲೇ ತಲುಪಿತ್ತು. ಅವರಲ್ಲಿ ಸೂತಕ ಹಿಡಿಯುತ್ತಾರೆ. ನಾನು ಬಗ್ಗಿದಾಗ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಕಣ್ಣು ತುಂಬಿತ್ತು, ಅದನ್ನೂ ನೋಡಿದೆ. "ಬೆಂಚಿನ ಮೇಲಿಡು ಮಗು, ಅಲ್ಲಿಂದಲೇ ತಗೋ," ಅಂದರು. ಗೆಜ್ಜೆಯನ್ನು ಬೆಂಚಿನ ಮೇಲಿಟ್ಟೆ. ಅಲ್ಲಿಂದಲೇ ತೆಗೆದುಕೊಂಡು ಕಟ್ಟಿಕೊಂಡೆ.

ವೇದಿಕೆ ಹಲಗೆಯದು. ಕಾಲಿನ ಸದ್ದು ಜೋರಾಗಿ ಕೇಳುತ್ತಿತ್ತು, ಆದರೆ ಅದು ಬೇರೆ ಯಾರದೋ ಕಾಲಿನದು ಅನ್ನಿಸುತ್ತಿತ್ತು. ಮೇಷ್ಟ್ರ ಕೋಲು ಒಮ್ಮೆಯೂ ನಿಲ್ಲಲಿಲ್ಲ. ಅಂದರೆ ನಾನು ತಪ್ಪಲಿಲ್ಲ. ತಾಯಿ ಕರೆಯುವ ಸಾಲು ಬಂತು. ತುತ್ತು ಕಟ್ಟಿದೆ. ಕೈ ಚಾಚಿದೆ. ಎಲ್ಲಿ ನೋಡಬೇಕೋ ಅಲ್ಲಿ ನೋಡಿದೆ. ಅಲ್ಲಿ ಸಭಾಂಗಣದ ಬಾಗಿಲಿತ್ತು. ಅದು ಮುಚ್ಚಿತ್ತು. ಸಾಲು ಮುಗಿಯಿತು. ಮುಂದಿನ ಹೆಜ್ಜೆಗೆ ಹೋದೆ.

ತೀರ್ಪುಗಾರರಲ್ಲಿ ಒಬ್ಬ ಹೆಂಗಸಿದ್ದರು. ಎಲ್ಲ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು ಬೆನ್ನು ತಟ್ಟಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

"ಹೆಜ್ಜೆ ಎಲ್ಲೂ ತಪ್ಪಲಿಲ್ಲ ಮಗು. ಆದರೆ ಮುಖದಲ್ಲಿ ಏನೂ ಇಲ್ಲವಲ್ಲ? ತಾಯಿ ಹಾಗಾ ಕರೆಯೋದು? ಮನೇಲಿ ಅಮ್ಮನ್ನ ನೋಡಿ ಕಲಿತುಕೋ."

"ಆಗ್ಲಿ ಮೇಡಂ," ಅಂದೆ.

ಪಕ್ಕದಲ್ಲಿದ್ದ ಅಪ್ಪ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

ನನಗೆ ಎರಡನೆಯ ಬಹುಮಾನ, ಒಂದು ಸ್ಟೀಲ್ ಲೋಟ. ಮೊದಲನೆಯದು ಕೃಷ್ಣರಾಜನಗರದ ಹುಡುಗಿಗೆ. ಅವಳ ತಾಯಿ ಸೆರಗಿನಿಂದ ಅವಳ ಬೆವರು ಒರೆಸುತ್ತಿದ್ದರು. ಮೊದಲು ಕತ್ತು, ಆಮೇಲೆ ಕಿವಿಯ ಹಿಂದೆ. ಅಪ್ಪ ಬಾ ಅನ್ನುವವರೆಗೆ ಅದನ್ನೇ ನೋಡುತ್ತಿದ್ದೆ.

ಮನೆ ತಲುಪಿದಾಗ ಅತ್ತೆ ತಮ್ಮ ಬಟ್ಟೆ ಗಂಟು ಕಟ್ಟುತ್ತಿದ್ದರು. ಏನಾಯಿತೆಂದು ಕೇಳಲಿಲ್ಲ. ಲೋಟ ನೋಡಿದರು.

"ನಾಳಿಕೆ ನಾ ಕ್ವಾಟೆಗೆ ಓಗ್ಬೇಕು ಕಣಪ್ಪ, ಅಲ್ಲೂ ಸಂಸಾರ ಅದೆ. ನಿಂಗೆ ಇಟ್ಟು ಬೇಯಿಸ್ಕೊಡೋರು ಯಾರು?"

ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರು. ಬಹಳ ಹೊತ್ತು ಅದನ್ನೇ ಮಾಡಿದರು.

"ಮಗ್ಳು ಮಾಡ್ತಾಳೆ ಬುಡು," ಅಂದರು.

ಮೈಸೂರಿನ ಮಾತು ಅಲ್ಲಿಗೆ ಮುಗಿಯಿತು. ಗೆಜ್ಜೆಯನ್ನು ಅಂಗಿಯ ಪಕ್ಕದ ಗೂಟಕ್ಕೆ ನಾನೇ ಹಾಕಿದೆ. ಒಲೆ ಉರಿಯುತ್ತಿತ್ತು, ಎಸರು ಮರಳುತ್ತಿತ್ತು. ಅತ್ತೆ ಹಿಟ್ಟು ಸುರಿದು ಕೊಟ್ಟರು. ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ಮಂಡಿ ಬಗ್ಗಿಸಿ, ಗಂಟಾಗದಂತೆ ತಿರುವಿದೆ. ಕೋಲಿನ ಯಾವ ತುದಿ ಹಿಟ್ಟಿನಲ್ಲಿದೆ ಎಂದು ನೋಡಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಎರಡನೆಯ ತುತ್ತಿಗೆ ನಿಲ್ಲಿಸಿದರು. ಬಾಯಿಂದ ಸಿಬಿರು ತೆಗೆದು ದೀಪಕ್ಕೆ ಹಿಡಿದರು. ಹಾಗೇ ಹಿಡಿದುಕೊಂಡು ಕೂತರು. ಏನೆಂದು ಅತ್ತೆ ಕೇಳಿದರು. ಅಪ್ಪ ನನ್ನ ಕಡೆ ನೋಡಿದರು. ಅವ್ವನ ಮಾತು ನನ್ನ ಬಾಯಿಯಲ್ಲಿತ್ತು. ನಾನು ಹೇಳಲಿಲ್ಲ.

ಅಪ್ಪ ಸಿಬಿರನ್ನು ಬಾಯಿಗೆ ಹಾಕಿಕೊಂಡು ನುಂಗಿದರು. ಆಮೇಲೆ ಇನ್ನೊಂದು ತುತ್ತು ಮುರಿದರು.