ಇಬ್ಬರಿಗೂ ಒಂದೇ ಜೊತೆ ಬೂಟು

ಮರ್ಯಾದೆ ಕಳೆದುಕೊಂಡು ಓಡುವವನು ಮೊದಲು ತನ್ನ ಕಾಲು ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ಬಾಗಲಕೋಟೆಯ ಮೈದಾನದಿಂದ ಗುಳೇದಗುಡ್ಡದ ಮನೆಯವರೆಗೆ, ನಡುವೆ ಬಸ್ಸು ಹತ್ತಿ ಇಳಿದು, ಅಕ್ಕನ ಫುಟ್‌ಬಾಲ್ ಬೂಟು ಹಾಕಿಕೊಂಡೇ ಬಂದುಬಿಟ್ಟೆ. ಆಗ ನನಗೆ ಹದಿಮೂರು, ಗಂಗಕ್ಕನಿಗೆ ಹದಿನಾರು. ಈಗಲೂ ಬೆವರಿದ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ನೆನಪಾಗುವುದು ಆಟವಲ್ಲ, ನಮ್ಮ ಹಳೆಯ ಮನೆ: ಪಡಸಾಲೆಯಲ್ಲಿ ನಾಲ್ಕು ಮಗ್ಗ, ಗಂಜಿ ಹಚ್ಚಿದ ನೂಲಿನ ಹುಳಿವಾಸನೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ರವಿಕೆಯ ಖಣ ನೇಯುತ್ತಿದ್ದ ಗಂಗಕ್ಕ.

ಸಣ್ಣಂದಿನಿಂದ ಮಗ್ಗದ ಹಲಗೆಗಳನ್ನು ಎರಡೂ ಕಾಲಿನಿಂದ ತುಳಿದ ಅವಳಿಗೆ ಎಡಗಾಲು ಬಲಗಾಲು ಎಂಬ ಭೇದವೇ ಇರಲಿಲ್ಲ. ನನಗಿತ್ತು: ಬಲಗಾಲು ದಡ್ಡ, ಎಡಗಾಲು ಸತ್ತೇಹೋಗಿತ್ತು. ಸಂಜೆ ಹಿತ್ತಲಲ್ಲಿ ನನ್ನ ಎಡಗಾಲಿಗೆ ಮಾತ್ರ ಬೂಟು ಹಾಕಿಸಿ, ಬಲಗಾಲನ್ನು ಬರಿದಾಗಿಟ್ಟು, ಗೋಡೆಗೆ ಚೆಂಡು ಒದೆಸುತ್ತಿದ್ದಳು. ವಾಪಸು ಬಂದ ಚೆಂಡನ್ನು ಪಾದದ ಒಳಮಗ್ಗುಲಲ್ಲಿ ಮೆತ್ತಗೆ ತಡೆಯಬೇಕು. "ಒದೀಬ್ಯಾಡೋ ಕತ್ತೆ, ಕೂಸು ಎತ್ಕೊಂಡಂಗ ತಗೋ!" ಎನ್ನುತ್ತಿದ್ದಳು. ನಮ್ಮಿಬ್ಬರ ಪಾದದ ಅಳತೆ ಒಂದೇ. ಮನೆಯಲ್ಲಿದ್ದ ಬೂಟೂ ಒಂದೇ ಜೊತೆ.

ಜಿಲ್ಲಾ ತಂಡದ ಆಯ್ಕೆ ಇಬ್ಬರಿಗೂ ಒಂದೇ ದಿನ ಇತ್ತು. ಮೊದಲು ಹುಡುಗರದು, ಬೆನ್ನಿಗೇ ಹುಡುಗಿಯರದು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್ಲಿಗೆ ಹೋಗಬಹುದು, ಆಗದಿದ್ದರೆ ಮತ್ತೆ ಚೆಂಡು ಮುಟ್ಟಬಾರದು ಎಂದು ಅಪ್ಪ ಅವಳಿಗೆ ಕರಾರು ಹಾಕಿದ್ದ. ನಾನು ಗಂಡುಹುಡುಗ, ನನಗೆ ಯಾವ ಕರಾರೂ ಇರಲಿಲ್ಲ. ಆ ದಿನ ಮೈದಾನದ ಬೇಲಿಯ ಬಳಿ ಗಂಗಕ್ಕ ನನ್ನ ಲೇಸು ಕಟ್ಟುತ್ತ, "ಮುಗದ ಕೂಡ್ಲೆ ಬಿಚ್ಚಿ ಕೊಡು, ಹಾಂ?" ಅಂದಳು. ಚೆಂಡು ನೆಲಕ್ಕೆ ಬೀಳದಂತೆ ಕಾಲಲ್ಲೇ ಪುಟಿಸುತ್ತಿರಬೇಕಿತ್ತು. ಅವಳು ನೂರು ದಾಟಿಸುವವಳು. ನಾನು ಮೂರು ಪುಟಿಸಿದೆ. ನಾಲ್ಕನೆಯ ಸಲ ಚೆಂಡು ಹಾರಿ, ಆಯ್ಕೆ ಮಾಡುವ ಸರ್ ಕೈಯಲ್ಲಿದ್ದ ಚಹಾವನ್ನು ಅವರ ಬಿಳಿ ಅಂಗಿಗೆ ಕುಡಿಸಿತು.

"ಯಾರಲೇ ನಿನಗ ಕಲಿಸಿದಾಂವ?" ಎಂದು ಗುಡುಗಿದರು.

"ಅಕಿನ್ರಿ!" ಎಂದು ಬೇಲಿಯಾಚೆ ನಿಂತಿದ್ದ ಅಕ್ಕನತ್ತ ಬೆರಳು ತೋರಿಸಿದೆ. ಮೈದಾನವೇ ನಕ್ಕಿತು, ಅಂಚಿನಲ್ಲಿ ಮೇಯುತ್ತಿದ್ದ ಎಮ್ಮೆಯೂ ನಕ್ಕಿತೆಂದು ನನ್ನ ಬಲವಾದ ನಂಬಿಕೆ. ನಾನು ಓಡಿದೆ.

ಮನೆಯ ಹೊಸ್ತಿಲು ದಾಟಿದಾಗ ಅವ್ವ ಚೀರಿದಳು: "ಬೂಟ್ ಹಾಕ್ಕೊಂಡ ಒಳಗ ಬರ್ತೀಯೇನೋ ಭಾಡ್ಯಾ!" ಆಗ ಕೆಳಗೆ ನೋಡಿಕೊಂಡೆ. ಸಂಜೆಯ ಬಸ್ಸಿಗೆ ಗಂಗಕ್ಕ ಬಂದಳು. ಬೂಟಿಲ್ಲದವರನ್ನು ಮೈದಾನಕ್ಕೆ ಇಳಿಸಲಿಲ್ಲ ಎಂದಷ್ಟೇ ಅಪ್ಪನಿಗೆ ಹೇಳಿದಳು. ಕರಾರು ಕರಾರೇ ಎಂದು ಅಪ್ಪ ನೂಲು ಕೊಯ್ಯುವ ಬ್ಲೇಡಿನಿಂದ ಚೆಂಡನ್ನು ಸೀಳಿದ. ಅದರ ಉಸಿರು ಹೋಗುವಷ್ಟೂ ಹೊತ್ತು ಅವಳು ನೋಡುತ್ತ ನಿಂತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮರುದಿನವೇ ಮರೆತುಬಿಡುತ್ತಿದ್ದೆ.

ಹದಿನೆಂಟು ತುಂಬಿದ ತಿಂಗಳೇ ಅವಳನ್ನು ಹುನಗುಂದಕ್ಕೆ ಮದುವೆ ಮಾಡಿ ಕೊಟ್ಟರು. ಅಪ್ಪ ಹೋದ, ಮಗ್ಗಗಳು ಕಟ್ಟಿಗೆಯಾಗಿ ಹೋದವು. ಮನೆ ಕೊಂಡವರು ಕುಣಿಗಳಿಗೆ ಕಾಂಕ್ರೀಟು ಸುರಿದು ಮೊಬೈಲ್ ಅಂಗಡಿ ಇಟ್ಟಿದ್ದಾರೆ. ನೀವು ಹುಟ್ಟಿದ ಮನೆಯ ಜಾಗದಲ್ಲೂ ಈಗ ಇಂಥದ್ದೇ ಏನೋ ಥಳಥಳ ಹೊಳೆಯುತ್ತಿರಬಹುದು.

ಹೋದ ತಿಂಗಳು ಹುನಗುಂದಕ್ಕೆ ಹೋಗಿ, ಹತ್ತು ವರ್ಷ ತಡವಾಗಿ, ತಪ್ಪಾಯಿತು ಎಂದೆ. ಗಂಗಕ್ಕ ಅವಲಕ್ಕಿ ಕಲಸಿ ಮುಂದಿಟ್ಟಳು. ಆರು ವರ್ಷದ ಮಗಳಿಗೆ ಈಗ ಅವಳೇ ಆಟ ಕಲಿಸುತ್ತಿದ್ದಾಳೆ. ನಗಿಸೋಣವೆಂದು, "ನಾನೂ ಒಂದ್ ನಾಕ್ ದಿನ ಬಂದು ಕಲಿಸಲೇನು?" ಎಂದು ಕೇಳಿದೆ.

"ಬ್ಯಾಡೋ ಯಪ್ಪಾ," ಅಂದಳು, ನಗುತ್ತಲೇ. "ನನಗ ಅಕಿ ಒಬ್ಬಾಕಿನ ಮಗಳು. ತಮ್ಮ ಇಲ್ಲ. ಅಕಿ ನಸೀಬಾ ಚೊಲೋ ಐತಿ."